ಕೋಳಿ ದೊರೆ ವಾಪಸ್ ಬಂದ ದಿನ

"ಏನೋ ಮರಿ, ಹೆಂಗಿದ್ದೀಯ?"

ಹಾಸನದ ಹೋಟೆಲೊಂದರ ಬಾಗಿಲಲ್ಲಿ ಆ ಎತ್ತರದ ಅಮೆರಿಕನ್ ಅಜ್ಜ ನಮ್ಮಪ್ಪನನ್ನು ಹೀಗೆ ಕೇಳಿದಾಗ ನನಗೆ ನಗು ತಡೆಯಲಾಗಲಿಲ್ಲ. ಅಪ್ಪನಿಗೆ ಆಗಲೇ 62. ಅವರನ್ನು ಮರಿ ಅನ್ನುವವರು ಊರಲ್ಲಿ ಒಬ್ಬರೂ ಉಳಿದಿರಲಿಲ್ಲ.

2018ರ ಏಪ್ರಿಲ್ ಅದು. ಈ ಅಜ್ಜ 1967ರಲ್ಲಿ ನಮ್ಮೂರಿಗೆ ಬಂದು ಎರಡು ವರ್ಷ ಇದ್ದವರು. ಆಗ 22ರ ಹುಡುಗ. ಅಮೆರಿಕದ ಅಧ್ಯಕ್ಷ ಕೆನಡಿ 1961ರಲ್ಲಿ ಶುರು ಮಾಡಿದ, ಹೊರದೇಶಗಳಿಗೆ ಸ್ವಯಂಸೇವಕರನ್ನು ಕಳಿಸುವ ಪೀಸ್ ಕೋರ್ ಅನ್ನೋ ಸರ್ಕಾರಿ ಸಂಸ್ಥೆ ಕಡೆಯಿಂದ ಕಳಿಸಿದ್ದರು. ಸಂಬಳ ಇಲ್ಲ, ಊಟ ಬಾಡಿಗೆಗೆ ಆಗುವಷ್ಟು ದುಡ್ಡು ಅಷ್ಟೇ. ಮುಂದೆ ಅಮೆರಿಕದ ಅಧ್ಯಕ್ಷರಾದ ಕಾರ್ಟರ್ ಅವರ ತಾಯಿ ಕೂಡ 68ನೇ ವಯಸ್ಸಲ್ಲಿ ಇದೇ ಕೆಲಸಕ್ಕೆ ಮುಂಬೈಗೆ ಬಂದಿದ್ದರು. ನಮ್ಮೂರಿಗೆ ಬಂದವರ ಕೆಲಸ ಕೋಳಿ ಸಾಕಣೆ ಹೇಳಿಕೊಡುವುದು. ಓದಿದ್ದು ಇತಿಹಾಸ, ಕೋಳಿ ಕಲಿತಿದ್ದು ಮೂರು ತಿಂಗಳ ತರಬೇತಿಯಲ್ಲಿ! ಊರವರು ಕೋಳಿ ದೊರೆ ಅಂತ ಕರೆದರು. ಒಂದಿಬ್ಬರು ಸಿಐಎ ಗೂಢಚಾರ ಅಂತಲೂ ಅಂದರಂತೆ. ನಮ್ಮೂರಲ್ಲಿ ಅದೇನು ಗುಟ್ಟು ಇತ್ತೋ ಗೊತ್ತಿಲ್ಲ.

ಅವರಿಗೆ ಕೋಳಿ ಶೆಡ್ಡು ಇದ್ದ ಜಾಗ ನೋಡಬೇಕಿತ್ತು. ಆದರೆ ಊರೇ ಇಲ್ಲವಲ್ಲ. ಗೊರೂರು ಅಣೆಕಟ್ಟು 1979ರಲ್ಲಿ ಮುಗಿದು, ಹೇಮಾವತಿ ಹಿನ್ನೀರಲ್ಲಿ ಎಷ್ಟೋ ಊರುಗಳ ಜೊತೆ ನಮ್ಮದೂ ಹೋಯಿತು. ಬೇಸಿಗೆಯಾದ್ದರಿಂದ ನೀರು ಇಳಿದಿತ್ತು. ಶೆಟ್ಟಿಹಳ್ಳಿ ಚರ್ಚಿನ ಹತ್ತಿರ ಕಾರು ನಿಲ್ಲಿಸಿದೆ. ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಕಟ್ಟಿಸಿದ ಚರ್ಚು. ಈಗ ಸೂರಿಲ್ಲ, ಬರೀ ಗೋಡೆ ಕಮಾನು. ಮಳೆಗಾಲದಲ್ಲಿ ಅರ್ಧ ಮುಳುಗುತ್ತದೆ. ಫೋಟೋ ತೆಗೆಸಿಕೊಳ್ಳುವವರ ಗುಂಪು ಇತ್ತು. ಇವರಿಬ್ಬರಿಗೆ ಮಾತ್ರ ಅದು ಊರಿನ ದಾರಿ ಹೇಳುವ ಗುರುತು.

"ಇಲ್ಲಿಂದ ಎಡಕ್ಕೆ," ಅಂದರು ದೊರೆ.

"ಎಲ್ಲಿ ಎಡ? ಬಲಕ್ಕೆ. ಹುಣಸೆಮರ ದಾಟಿ," ಅಂದರು ಅಪ್ಪ.

ಹುಣಸೆಮರ ಎಲ್ಲಿದೆ ಈಗ? ಒಡೆದ ಕೆಸರಿನ ಮೇಲೆ ಇಬ್ಬರೂ ಅರ್ಧ ಗಂಟೆ ಜಗಳ ಆಡಿದರು. ಕೊನೆಗೆ ಸುಸ್ತಾಗಿ ಚರ್ಚಿನ ನೆರಳಲ್ಲಿ ಕೂತರು. ಅಮ್ಮ ಕಟ್ಟಿಕೊಟ್ಟಿದ್ದ ಅಕ್ಕಿರೊಟ್ಟಿ ಬಿಚ್ಚಿದೆ.

ತಿನ್ನುತ್ತಾ ದೊರೆ ಅಂದರು, "ನಿಜ ಹೇಳ್ತೀನಿ. ನಾನು ಕೋಳಿಗೋಸ್ಕರ ಬರಲಿಲ್ಲ. ವಿಯೆಟ್ನಾಂ ಯುದ್ಧಕ್ಕೆ ಕರೀತಾರೆ ಅಂತ ಹೆದರಿ ಬಂದೆ." ಪೀಸ್ ಕೋರಿಗೆ ಸೇರಿದರೆ ಸೈನ್ಯದ ಕರೆ ಪೂರ್ತಿ ತಪ್ಪುತ್ತಿರಲಿಲ್ಲವಂತೆ, ಸಾಮಾನ್ಯವಾಗಿ ಎರಡು ವರ್ಷ ಮುಂದೆ ಹೋಗುತ್ತಿತ್ತು ಅಷ್ಟೇ.

"ಗೊತ್ತಿತ್ತು ಬಿಡಿ. ಕೋಳಿಗೆ ಅಂತ ಯಾರಾದ್ರೂ ಅಷ್ಟು ದೂರ ಬರ್ತಾರಾ?" ಅಂದರು ಅಪ್ಪ.

ಆಮೇಲೆ ದೊರೆಯ ದನಿ ಇಳಿಯಿತು. ಒಂದು ಸಲ ಅವರು ಮೀಟಿಂಗಿಗೆ ಅಂತ ಬೆಂಗಳೂರಿಗೆ ಹೋಗಿ ಬರುವಷ್ಟರಲ್ಲಿ ಶೆಡ್ಡಿನಲ್ಲಿದ್ದ 60 ಬಿಳಿ ಲೆಗಾರ್ನ್ ಕೋಳಿ ಖಾಲಿ. ಕೊಕ್ಕರೆ ರೋಗ ಅಂದರು ಊರವರು. ಲಸಿಕೆಯನ್ನು ಹಾಸನದಿಂದ ಥರ್ಮಾಸ್ ಫ್ಲಾಸ್ಕಿನಲ್ಲಿ ಐಸ್ ಹಾಕಿ ತಂದಿದ್ದು ಇವರೇ. ದಾರಿಯಲ್ಲಿ ಬಸ್ಸು ಕೆಟ್ಟು ಮಧ್ಯಾಹ್ನವೆಲ್ಲ ಬಿಸಿಲಲ್ಲಿ ನಿಂತಿತ್ತು, ಐಸ್ ಕರಗಿತ್ತು. ಆದರೂ ಅದನ್ನೇ ಹಾಕಿದ್ದರು. "ನನ್ನಿಂದಲೇ ಸತ್ತವು. ಇಷ್ಟು ವರ್ಷ ಅದೇ ಕೊರಗು," ಅಂದರು.

ಅಪ್ಪ ರೊಟ್ಟಿ ಕೆಳಗಿಟ್ಟರು. ನನ್ನ ಮುಖ ನೋಡಿದರು, ಹಿನ್ನೀರು ನೋಡಿದರು.

"ಸಾರ್, ರೋಗಕ್ಕೆ ಸತ್ತಿದ್ದು ಹತ್ತೋ ಹನ್ನೆರಡೋ. ಉಳಿದಿದ್ದೂ ಸಾಯ್ತವೆ, ಸುಮ್ನೆ ದಂಡ ಆಗೋದು ಯಾಕೆ ಅಂತ..."

"ಅಂತ?"

"ಊರಲ್ಲಿ ಹಬ್ಬ ಇತ್ತು."

ದೊರೆ ಅಪ್ಪನನ್ನೇ ದಿಟ್ಟಿಸಿದರು. ನಾನು ನೀರಿನ ಬಾಟಲಿ ಹುಡುಕುವ ನೆಪದಲ್ಲಿ ಆ ಕಡೆ ತಿರುಗಿದೆ.

"ನಿಂಗೂ ಸಿಕ್ತಾ?"

"ಒಂದು ತೊಡೆ," ಅಂದರು ಅಪ್ಪ. "ಆದ್ರೆ ನಮ್ಮ ನಾಟಿ ಕೋಳಿ ರುಚಿ ಇರಲಿಲ್ಲ ಬಿಡಿ."