ಸೇಂಟ್ ಹೆಲೆನಾ: ನೆಪೋಲಿಯನ್ ಸೆರೆಯಿದ್ದ ದ್ವೀಪಕ್ಕೆ ಹೊರಡುವವರಿಗೆ

ನೆಪೋಲಿಯನ್ ಕೊನೆಯುಸಿರೆಳೆದ ಲಾಂಗ್‌ವುಡ್ ಮನೆಯನ್ನು ನೋಡಲೆಂದೇ ದಕ್ಷಿಣ ಅಟ್ಲಾಂಟಿಕ್ ಸಾಗರದ ಸೇಂಟ್ ಹೆಲೆನಾ ದ್ವೀಪಕ್ಕೆ ಹೋಗುವವರು ಆ ಮನೆಗೆ ಎರಡು ಬೆಳಗನ್ನಾದರೂ ಮೀಸಲಿಡಬೇಕು. ಆದರೆ ರಾತ್ರಿ ತಂಗಲು ಆ ಗುಡ್ಡದ ಮೇಲೆ ಕೋಣೆ ಹಿಡಿಯಬಾರದು. ಚಕ್ರವರ್ತಿಯ ನೆರೆಯಲ್ಲೇ ವಾಸವೆಂದು ಹೇಳಿ ನಮಗೆ ಒಪ್ಪಿಸಿದ ಕೋಣೆಯ ಬಾಡಿಗೆ ರಾಜಧಾನಿ ಜೇಮ್ಸ್‌ಟೌನಿನ ಒಳ್ಳೆಯ ಕೋಣೆಗಳಿಗಿಂತ ಹೆಚ್ಚಾಗಿತ್ತು. ಕಿಟಕಿಯ ಮೂಲೆಗಳಲ್ಲಿ ಕಪ್ಪು ಬೂಷ್ಟು ಹಿಡಿದಿತ್ತು, ಹಾಸಿಗೆ ಮುಟ್ಟಿದರೆ ತಣ್ಣಗೆ ಒದ್ದೆಯಾಗಿತ್ತು, ಬೀರುವಿನಲ್ಲಿ ತೂಗುಹಾಕಿದ ಅಂಗಿ ಬೆಳಗಾಗುವಷ್ಟರಲ್ಲಿ ತೇವ ಹೀರಿಕೊಂಡಿರುತ್ತಿತ್ತು. ಹೀಟರ್ ಕೇಳಿದ್ದಕ್ಕೆ ರಾತ್ರಿಯ ಲೆಕ್ಕದಲ್ಲಿ ಬೇರೆ ಹಣ ಪಡೆದರು. ಊಟಕ್ಕೆ ಹತ್ತಿರದಲ್ಲೇ ವ್ಯವಸ್ಥೆಯಿದೆ ಎಂದು ಮೊದಲು ಬರೆದು ತಿಳಿಸಿದ್ದವರು, ನಾವು ಬಂದ ಮೇಲೆ ಟ್ಯಾಕ್ಸಿಯವನ ನಂಬರು ಕೊಟ್ಟು ಸುಮ್ಮನಾದರು. ನೆಪೋಲಿಯನ್ನನ ಹೆಸರಿಗೆ ಬೆಲೆ ಕಟ್ಟಿ ಮಾರುವ ಇಂಥ ಕಡೆ ತಂಗುವ ಬದಲು ಜೇಮ್ಸ್‌ಟೌನಿನಲ್ಲಿ ಉಳಿದುಕೊಂಡು, ಬೆಳಗ್ಗೆ ಗುಡ್ಡ ಹತ್ತಿ ಬರುವುದು ಎಲ್ಲ ರೀತಿಯಿಂದಲೂ ಲೇಸು.

ಆ ತೇವ ಮಾತ್ರ ಇತಿಹಾಸಕ್ಕೆ ಸೇರಿದ್ದೇ. ಜೇಮ್ಸ್‌ಟೌನ್ ಎರಡು ಬೋಳು ಬಂಡೆಗುಡ್ಡಗಳ ನಡುವಿನ ಕಿರಿದಾದ ಕಣಿವೆಯಲ್ಲಿದ್ದು, ಅಲ್ಲಿ ಬಿಸಿಲು ಚೆನ್ನಾಗಿ ಬೀಳುತ್ತದೆ. ಲಾಂಗ್‌ವುಡ್ ಇರುವುದು ಸುಮಾರು 500 ಮೀಟರ್ ಎತ್ತರದ ಬಯಲಿನಲ್ಲಿ. ಆಗ್ನೇಯದಿಂದ ಬೀಸುವ ಗಾಳಿ ಕಡಲಿನ ತೇವವನ್ನೆಲ್ಲ ಹೊತ್ತು ತಂದು ಅಲ್ಲಿಗೆ ಮಂಜಾಗಿ ಸುರಿಯುತ್ತದೆ. ಕೆಳಗೆ ಬಿಸಿಲಿಗೆ ಟೋಪಿ ಹಾಕಿಕೊಂಡು ಹೊರಟವರು ಅರ್ಧ ಗಂಟೆಯೊಳಗೆ ಸ್ವೆಟರ್ ಹುಡುಕಬೇಕಾಗುತ್ತದೆ. 1815ರ ಡಿಸೆಂಬರ್ 10ರಂದು ಈ ಮನೆಗೆ ಬಂದ ನೆಪೋಲಿಯನ್, 1821ರ ಮೇ 5ರಂದು ತನ್ನ 51ನೆಯ ವಯಸ್ಸಿನಲ್ಲಿ ಇಲ್ಲಿಯೇ ತೀರಿಕೊಂಡನು. ಅವನ ಪರಿವಾರದವರು ಬರೆದಿಟ್ಟ ದಿನಚರಿಗಳಲ್ಲಿ ಇಲಿಗಳ ಕಾಟ ಮತ್ತು ಈ ಮನೆಯ ತೇವದ ದೂರು ಮತ್ತೆ ಮತ್ತೆ ಬರುತ್ತದೆ. ಮಂಜು ಕವಿದ ಬೆಳಗಿನಲ್ಲಿ ಆ ಕೋಣೆಗಳಲ್ಲಿ ನಿಂತವರಿಗೆ ಆ ದೂರು ಸುಳ್ಳೆನಿಸುವುದಿಲ್ಲ.

ಮನೆಯೊಳಗೆ ಮೊದಲು ನೋಡಬೇಕಾದದ್ದು ಕಿಟಕಿಯ ಮರದ ಬಾಗಿಲುಗಳಲ್ಲಿ ಕೊರೆದಿರುವ ಸಣ್ಣ ರಂಧ್ರಗಳು. ಕಾವಲುಗಾರರ ಕಣ್ಣಿಗೆ ತಾನು ಬೀಳದೆ ಹೊರಗಿನದನ್ನು ದೂರದರ್ಶಕದಲ್ಲಿ ನೋಡಲೆಂದು ನೆಪೋಲಿಯನ್ ಮಾಡಿಸಿಕೊಂಡ ಏರ್ಪಾಡು ಅದು. ಅರ್ಧ ಯುರೋಪನ್ನು ಆಳಿದವನು ಬೆರಳಗಲದ ತೂತಿನಿಂದ ಹೊರಗೆ ಇಣುಕುತ್ತಿದ್ದನೆಂಬುದನ್ನು ಓದುವುದು ಬೇರೆ, ಅದೇ ತೂತಿಗೆ ಕಣ್ಣಿಟ್ಟು ನೋಡುವುದು ಬೇರೆ. ತೋಟದ ಹಾದಿಗಳನ್ನು ನೆಲಮಟ್ಟಕ್ಕಿಂತ ತಗ್ಗಿಸಿ ತೋಡಿರುವುದೂ ಕಾವಲಿನವರ ಕಣ್ಣು ತಪ್ಪಿಸಿ ಅಡ್ಡಾಡಲೆಂದೇ. ಹಲವು ಸ್ಥಳಗಳನ್ನು ಅರ್ಧ ದಿನದಲ್ಲಿ ಮುಗಿಸುವ ವ್ಯಾನುಗಳ ಪ್ರವಾಸದಲ್ಲಿ ಇವು ಯಾವುವೂ ಮನಸ್ಸಿಗಿಳಿಯುವುದಿಲ್ಲ. ಮನೆ ತೆರೆದಿರುವ ಹೊತ್ತು ಕಡಿಮೆ. ಜೇಮ್ಸ್‌ಟೌನಿನ ಪ್ರವಾಸಿ ಕಚೇರಿಯಲ್ಲಿ ಹಿಂದಿನ ದಿನವೇ ವಿಚಾರಿಸಿಕೊಂಡು, ಒಬ್ಬರೇ ಆದರೂ ಟ್ಯಾಕ್ಸಿ ಮಾಡಿಕೊಂಡು ಹೋಗುವುದು ಒಳ್ಳೆಯದು.

ಸಮಾಧಿಗೆ ಹುಲ್ಲುಹಾದಿಯಲ್ಲಿ ಕಣಿವೆಗೆ ಇಳಿಯಬೇಕು. ಮಂಡಿನೋವಿರುವವರು ಮರಳಿ ಏರುವುದನ್ನು ನೆನಪಿನಲ್ಲಿಡಬೇಕು. ಕಬ್ಬಿಣದ ಬೇಲಿಯೊಳಗಿನ ಚಪ್ಪಡಿಯ ಮೇಲೆ ಒಂದಕ್ಷರವೂ ಇಲ್ಲ. ‘ನೆಪೋಲಿಯನ್’ ಎಂದಷ್ಟೇ ಕೆತ್ತಿಸಬೇಕೆಂದು ಫ್ರೆಂಚರೂ, ‘ಬೋನಪಾರ್ಟೆ’ ಎಂಬುದೂ ಸೇರಲೇಬೇಕೆಂದು ಗವರ್ನರ್ ಹಡ್ಸನ್ ಲೋ ಅವರೂ ಹಟ ಹಿಡಿದದ್ದರಿಂದ ಕಲ್ಲು ಖಾಲಿ ಉಳಿಯಿತು. 1840ರಲ್ಲಿ ದೇಹವನ್ನು ಪ್ಯಾರಿಸ್ಸಿಗೆ ಒಯ್ದ ಮೇಲೆ ಸಮಾಧಿಯೂ ಖಾಲಿ. ಹಾಗಿದ್ದರೂ ಇಡೀ ದ್ವೀಪದಲ್ಲಿ ನನಗೆ ಅತ್ಯಂತ ಹಿಡಿಸಿದ ಜಾಗ ಇದೇ, ಏಕೆಂದರೆ ಇಲ್ಲಿ ಜನಸಂದಣಿ ಎಂಬುದೇ ಇರಲಿಲ್ಲ.

ಲಾಂಗ್‌ವುಡ್ ಸಿದ್ಧವಾಗುವವರೆಗೆ ನೆಪೋಲಿಯನ್ ಇದ್ದ ಬ್ರಯರ್ಸ್ ಪೆವಿಲಿಯನ್ ಪುಟ್ಟದಾದರೂ ನಮ್ಮವರು ಬಿಡಬಾರದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿಯ ಆಡಳಿತ ನೋಡಿಕೊಂಡ ಆರ್ಥರ್ ವೆಲ್ಲೆಸ್ಲಿ 1805ರಲ್ಲಿ ಇಂಗ್ಲೆಂಡಿಗೆ ಮರಳುವಾಗ ತಂಗಿದ್ದೂ ಇದೇ ಬ್ರಯರ್ಸ್‌ನಲ್ಲಿ. ಹತ್ತು ವರ್ಷಗಳ ಬಳಿಕ ವಾಟರ್ಲೂನಲ್ಲಿ ಅವನು ಸೋಲಿಸಿದ ಶತ್ರುವನ್ನು ತಂದಿರಿಸಿದ್ದೂ ಇಲ್ಲಿಯೇ.

ಊಟದ ವಿಷಯದಲ್ಲಿ ಜೇಮ್ಸ್‌ಟೌನಿನ ಒಂದು ಸಣ್ಣ ಹೋಟೆಲು ನಮ್ಮನ್ನು ಕಾಪಾಡಿತು. ಪ್ಲಾಸ್ಟಿಕ್ ಹೊದಿಕೆಯ ನಾಲ್ಕಾರು ಮೇಜು, ಗೋಡೆಗೆ ಅಂಟಿಸಿದ ಕೈಬರಹದ ಪಟ್ಟಿ, ಅಡುಗೆಯನ್ನೂ ಬಡಿಸುವುದನ್ನೂ ತಾವೇ ನೋಡಿಕೊಳ್ಳುವ ಒಬ್ಬ ಹಿರಿಯ ಹೆಂಗಸು. ‘ಪ್ಲೋ’ ಎಂಬುದು ಅಲ್ಲಿಯ ಮನೆಮನೆಯ ಅಡುಗೆ: ಅಕ್ಕಿ, ಕರಿಪುಡಿ, ತರಕಾರಿ, ಮಾಂಸ ಎಲ್ಲವನ್ನೂ ಒಂದೇ ಪಾತ್ರೆಯಲ್ಲಿ ಬೇಯಿಸುತ್ತಾರೆ. ನಾವು ಮಾಂಸ ತಿನ್ನುವುದಿಲ್ಲವೆಂದು ಹೇಳಿದಾಗ ಆಕೆ ಮುಖ ಸಿಂಡರಿಸದೆ, ಮರುದಿನಕ್ಕೆ ಕುಂಬಳಕಾಯಿ ಹಾಕಿದ ಪ್ಲೋವನ್ನು ಬೇರೆ ಪಾತ್ರೆಯಲ್ಲಿ ಮಾಡಿಟ್ಟಿದ್ದರು; ತಳದಲ್ಲಿ ಸೀದು ಗರಿಗರಿಯಾದ ಅನ್ನವನ್ನು ಕೆರೆದು, ಅದೇ ರುಚಿಯೆಂದು ಹೇಳಿ ಬಡಿಸಿದರು. ಮೀನು ತಿನ್ನುವವರು ಮೆಣಸಿನಕಾಯಿ ಬೆರೆಸಿ ಕರಿದ ಟ್ಯೂನಾ ಮೀನಿನ ಫಿಶ್‌ಕೇಕ್ ತಿನ್ನದೆ ಬರಬಾರದೆಂದು ಪಕ್ಕದ ಮೇಜಿನವರು ಹೇಳಿದರು. ಎರಡು ಊಟದ ಬೆಲೆ ಗುಡ್ಡದ ಮೇಲಿನ ಹೀಟರಿನ ಒಂದು ರಾತ್ರಿಯ ಬಾಡಿಗೆಗಿಂತ ಕಡಿಮೆಯಿತ್ತು. ಸಾಮಾನು ಹೆಚ್ಚಾಗಿ ಹಡಗಿನಲ್ಲೇ ಬರುವುದರಿಂದ ಅಂಗಡಿಗಳಲ್ಲಿ ತರಕಾರಿ ಕೆಲವೊಮ್ಮೆ ಸಿಗುವುದಿಲ್ಲ, ಭಾನುವಾರ ಬಹುತೇಕ ಎಲ್ಲವೂ ಮುಚ್ಚಿರುತ್ತವೆ; ಅವಲಕ್ಕಿ, ಚಟ್ನಿಪುಡಿ ಒಯ್ಯುವುದು ಜಾಣತನ.

2017ರಲ್ಲಿ ವಿಮಾನ ಸಂಚಾರ ಆರಂಭವಾಗುವ ಮೊದಲು ಕೇಪ್‌ಟೌನಿನಿಂದ ಹಡಗಿನಲ್ಲಿ ಐದು ರಾತ್ರಿ ಕಳೆಯಬೇಕಿತ್ತು. ಈಗ ಜೋಹಾನ್ಸ್‌ಬರ್ಗಿನಿಂದ ವಾರಕ್ಕೊಮ್ಮೆ, ಪ್ರವಾಸದ ಋತುವಿನಲ್ಲಿ ಅದಕ್ಕಿಂತ ಹೆಚ್ಚು ವಿಮಾನಗಳಿವೆ. ಜೋಹಾನ್ಸ್‌ಬರ್ಗಿನಲ್ಲಿ ರಾತ್ರಿ ತಂಗಬೇಕಾಗುವುದರಿಂದ ದಕ್ಷಿಣ ಆಫ್ರಿಕಾದ ವೀಸಾ ಬೇಕು. ತುರ್ತು ಚಿಕಿತ್ಸೆಗೆ ಹೊರಗೆ ಸಾಗಿಸುವ ವೆಚ್ಚವೂ ಸೇರಿದ ವಿಮೆಯ ಪತ್ರವಿಲ್ಲದೆ ಹೊರಡಬಾರದು. ಬ್ರಿಟಿಷ್ ಪೌಂಡ್ ನೋಟುಗಳು ಅಲ್ಲಿ ನಡೆಯುತ್ತವೆ, ಆದರೆ ದ್ವೀಪದ ಪೌಂಡ್ ನೋಟುಗಳು ಹೊರಗೆ ನಡೆಯುವುದಿಲ್ಲವಾದ್ದರಿಂದ ಹೊರಡುವ ಮುನ್ನ ಬದಲಾಯಿಸಿಕೊಳ್ಳಬೇಕು. ಗಾಳಿ, ಮಂಜು ಹೆಚ್ಚಾದರೆ ವಿಮಾನ ಇಳಿಯದೆ ತಡವಾಗುವುದುಂಟು. ಜೋಹಾನ್ಸ್‌ಬರ್ಗಿನಿಂದ ಭಾರತಕ್ಕೆ ಮರಳುವ ಟಿಕೆಟನ್ನು ಎರಡು ಮೂರು ದಿನಗಳ ಅಂತರ ಬಿಟ್ಟೇ ತೆಗೆಸಿ.