ಕೊನೇ ಬೆಂಚಿಗೆ ಏನು ಕೇಳಿಸ್ತು?

ಶನಿವಾರ ಬೆಳಗಿನ ಶಾಲೆ. ಕೊನೆಯ ಪೀರಿಯಡ್ ಭಾಷಣಕ್ಕೆ. ಕನ್ನಡ ಮೇಷ್ಟ್ರು ಸೀಮೆಸುಣ್ಣದ ಖಾಲಿ ಡಬ್ಬದಲ್ಲಿ ಚೀಟಿ ಹಾಕಿಕೊಂಡು ಬರುತ್ತಿದ್ದರು. ಚೀಟಿಯಲ್ಲಿ ದೊಡ್ಡ ವಿಷಯ ಏನೂ ಇರುತ್ತಿರಲಿಲ್ಲ. ನಮ್ಮೂರ ಸಂತೆ, ಅಡಿಕೆ ಸುಲಿಯೋದು, ಬಸ್ಸು ತಪ್ಪಿದ ದಿನ. ಎತ್ತಿದವರು ಎರಡೇ ನಿಮಿಷ ಮಾತಾಡಬೇಕು.

ನನ್ನ ಸರದಿ ಮೊದಲು ಬಂದಿದ್ದು ಎಂಟನೇ ಕ್ಲಾಸಿನಲ್ಲಿ, ಜುಲೈ ತಿಂಗಳಲ್ಲಿ. ಹೊರಗೆ ಮಲೆನಾಡಿನ ಮಳೆ, ತಲೆ ಮೇಲೆ ತಗಡಿನ ಶೀಟು. ಹೆದರಿಕೆಗೆ ಬಾಯಿ ಒಣಗಿತ್ತು. 'ವೇದಿಕೆಯ ಮೇಲಿರುವ ಗಣ್ಯರೇ' ಎಂದು ಶುರು ಮಾಡಿ, ಮಳೆಯನ್ನು ಮೀರಿಸಬೇಕು ಅಂತ ಒಂದೇ ಉಸಿರಿಗೆ ಕೂಗಿ ಮುಗಿಸಿದೆ.

ಮೇಷ್ಟ್ರು ನನಗೆ ಏನೂ ಹೇಳಲಿಲ್ಲ. ಕೊನೇ ಬೆಂಚಿನ ಹುಡುಗನನ್ನು ಎಬ್ಬಿಸಿದರು.

"ನಿಂಗೇನು ಕೇಳಿಸ್ತಪ್ಪಾ?"

"ಸಂತೆ ಅಂದ್ಲು ಸಾರ್. ಆಮೇಲೆ ಗೊತ್ತಾಗ್ಲಿಲ್ಲ."

"ಹಾಗಾದ್ರೆ ನೀನು ಹೇಳಿದ್ದು ಅಷ್ಟೇ ಕಣಮ್ಮಾ" ಎಂದರು. ಬೈದ ಹಾಗೆ ಇರಲಿಲ್ಲ. ಹತ್ತಿರ ಕರೆದು, "ಮಳೆ ಜೊತೆ ಜಗಳಕ್ಕೆ ಇಳೀಬೇಡ. ಸ್ವಲ್ಪ ನಿಲ್ಲು. ಅವನ ಮುಖ ನೋಡ್ಕೊಂಡು ಒಂದೊಂದೇ ಮಾತು ಹೇಳು" ಎಂದರು. ಮತ್ತೆ ಹೇಳಿಸಿದರು. ಎರಡನೇ ಸಲ ಆ ಹುಡುಗ ಮೀನಿನಂಗಡಿ, ಬಳೆಗಾರ, ಅಜ್ಜಿ ಚೌಕಾಸಿ ಮಾಡಿದ್ದು, ಎಲ್ಲವನ್ನೂ ಹೇಳಿದ. ನನಗೆ ಆದ ಖುಷಿ ಇವತ್ತಿಗೂ ನೆನಪಿದೆ.

ಎರಡೇ ನಿಮಿಷ ಯಾಕೆ ಸಾರ್ ಅಂತ ಒಮ್ಮೆ ಕೇಳಿದ್ದೆವು. ಆಗ ಲಿಂಕನ್ ಕತೆ ಹೇಳಿದರು. 1863ರ ನವೆಂಬರ್ 19, ಅಮೆರಿಕದ ಗೆಟಿಸ್‌ಬರ್ಗ್. ಯುದ್ಧದಲ್ಲಿ ಸತ್ತ ಸೈನಿಕರ ಸ್ಮಶಾನ. ಎಡ್ವರ್ಡ್ ಎವರೆಟ್ ಎಂಬ ಹೆಸರಾಂತ ಭಾಷಣಕಾರ ಸುಮಾರು ಎರಡು ಗಂಟೆ ಮಾತಾಡಿದ. ಆಮೇಲೆ ಎದ್ದ ಲಿಂಕನ್ ಎರಡು ಮೂರು ನಿಮಿಷದಲ್ಲಿ ಮುಗಿಸಿದ. ಮಾರನೇ ದಿನ ಎವರೆಟ್ಟೇ ಪತ್ರ ಬರೆದು, ನೀವು ಎರಡು ನಿಮಿಷದಲ್ಲಿ ಮುಟ್ಟಿದ ವಿಷಯವನ್ನು ನಾನು ಎರಡು ಗಂಟೆಯಲ್ಲಿ ಅಷ್ಟು ಹತ್ತಿರದಿಂದ ಮುಟ್ಟಿದ್ದರೆ ಸಾಕಿತ್ತು ಎಂದು ಒಪ್ಪಿಕೊಂಡ. ಆ ಪತ್ರ ಬರೆದವನೂ ದೊಡ್ಡವನೇ ಅಂತ ನನಗೆ ಅನಿಸುತ್ತದೆ.

ನಾನು ವೇದಿಕೆ ಹತ್ತುವ ಕೆಲಸಕ್ಕೆ ಹೋಗಲಿಲ್ಲ. ನರ್ಸ್ ಆದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ತಾಯಿ ಭೇದಿಯಾಗುತ್ತಿದ್ದ ಮಗುವನ್ನು ಕರೆತಂದಿದ್ದಳು. ಭೇದಿಯಲ್ಲಿ ಹೋದ ನೀರು, ಉಪ್ಪು ತುಂಬಲು ನೀರಲ್ಲಿ ಕಲಸಿ ಕುಡಿಸುವ ಓಆರ್‌ಎಸ್ ಪುಡಿಯ ಪೊಟ್ಟಣ ಕೊಟ್ಟೆ. ಒಂದು ಲೀಟರ್ ನೀರಿಗೆ ಪೂರ್ತಿ ಪೊಟ್ಟಣ, 24 ಗಂಟೆಯೊಳಗೆ ಮುಗಿಸಬೇಕು, ಜಿಂಕ್ ಮಾತ್ರೆ 14 ದಿನ. ಗಡಿಬಿಡಿಯಲ್ಲಿ ಎಲ್ಲ ಹೇಳಿ, "ಗೊತ್ತಾಯ್ತಾ?" ಎಂದೆ. "ಹೂಂ" ಎಂದಳು. ಮಾರನೇ ದಿನ ತಿಳಿಯಿತು, ಇಡೀ ಪೊಟ್ಟಣವನ್ನು ಒಂದೇ ಲೋಟಕ್ಕೆ ಕಲಸಿದ್ದಳು. ಅಷ್ಟು ಉಪ್ಪು ಮಗುವಿಗೆ ಅಪಾಯ. ಪುಣ್ಯಕ್ಕೆ ಮಗು ಎರಡು ಚಮಚ ಕುಡಿದು ಉಗಿದಿತ್ತು.

ಅವಳದ್ದೇನೂ ತಪ್ಪಿಲ್ಲ. ಲೀಟರ್ ಅಂದರೆ ಎಷ್ಟು ಅಂತ ನಾನು ತೋರಿಸಿರಲಿಲ್ಲ. ಗೊತ್ತಾಯ್ತಾ ಅಂದರೆ ಎಲ್ಲರೂ ಹೂಂ ಅಂತಾರೆ, ಅಲ್ವಾ? ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಮೇಷ್ಟ್ರ ಪ್ರಶ್ನೆಯೇ ಕಿವಿಯಲ್ಲಿತ್ತು.

ಅಂದಿನಿಂದ ಒಂದು ಲೀಟರ್ ಬಾಟಲಿ ಮೇಜಿನ ಮೇಲೆ ಇಟ್ಟಿದ್ದೇನೆ. ಹೇಳಿದ ಮೇಲೆ, "ಮನೆಗೆ ಹೋಗಿ ಅತ್ತೆಗೆ ಹೇಗೆ ಹೇಳ್ತೀಯಮ್ಮಾ? ನಂಗೊಮ್ಮೆ ಹೇಳು" ಅಂತೀನಿ. ತಪ್ಪಿದರೆ ನಾನೇ ಬೇರೆ ಥರ ಹೇಳುತ್ತೇನೆ. ಇದಕ್ಕೆ ಟೀಚ್‌ಬ್ಯಾಕ್ ಎನ್ನುತ್ತಾರೆ ಅಂತ ಆಮೇಲೆ ಒಂದು ತರಬೇತಿಯಲ್ಲಿ ಹೇಳಿಕೊಟ್ಟರು. ನನಗೆ ಅದು ಎಂಟನೇ ಕ್ಲಾಸಿನಲ್ಲೇ ಸಿಕ್ಕಿತ್ತು.

ನಮ್ಮ ಶಾಲೆಯವರನ್ನು ಕೇಳುತ್ತೇನೆ, ಶನಿವಾರದ ಆ ಪೀರಿಯಡ್ ಈಗಲೂ ನಡೆಯುತ್ತಿದೆಯಾ? ನಿಂತಿದ್ದರೆ ದಯವಿಟ್ಟು ಮತ್ತೆ ಶುರು ಮಾಡಿ. ರಜೆ ಹಾಕಿ ಬರುತ್ತೇನೆ. ಕೊನೇ ಬೆಂಚಿನಲ್ಲಿ ನನಗೊಂದು ಜಾಗ ಬಿಡಿ.