ಸಿಸ್ಟರ್‌ಗಳಿಗೆ ಆ್ಯಪ್ ಕಲಿಸುವ ವಿಡಿಯೊ: ಒಂದಕ್ಕೆ ಒಂದೇ ಕೆಲಸ

ಉಪಕೇಂದ್ರದ ಆರೋಗ್ಯ ಕಾರ್ಯಕರ್ತೆಯರಿಗೆ, ಅಂದರೆ ಸಿಸ್ಟರ್‌ಗಳಿಗೆ, ಗರ್ಭಿಣಿಯರ ದಾಖಲೆ ತುಂಬುವ ಆ್ಯಪ್ ಕಲಿಸಲು ತಾಲ್ಲೂಕು ಸಭೆಯಲ್ಲಿ ಪ್ರೊಜೆಕ್ಟರ್ ಹಾಕಿ 40 ನಿಮಿಷದ ವಿಡಿಯೊ ತೋರಿಸಿದರೆ ಎಲ್ಲರೂ ತಲೆಯಾಡಿಸುತ್ತಾರೆ. ಗುರುವಾರ ಜಗಳೂರು ಕಡೆಯ ಉಪಕೇಂದ್ರದಲ್ಲಿ ಕೈಯಲ್ಲಿ ಟ್ಯಾಬ್, ಎದುರಿಗೆ ಗರ್ಭಿಣಿ, ಬಾಗಿಲವರೆಗೂ ಲಸಿಕೆಯ ಸಾಲು. ಆಗ ಆ 40 ನಿಮಿಷದಲ್ಲಿ ಬೇಕಾದ 20 ಸೆಕೆಂಡನ್ನು ಯಾರು ಹುಡುಕುತ್ತಾರೆ? ಒಂದು ವಿಡಿಯೊ ಎರಡು, ಹೆಚ್ಚೆಂದರೆ ಮೂರು ನಿಮಿಷ ಇರಲಿ. ಫೈಲಿಗೆ ಕೆಲಸದ ಹೆಸರನ್ನೇ ಇಡಿ: ‘04 ತವರಿಗೆ ಬಂದ ಗರ್ಭಿಣಿ’.

ಮೆನುವಿನ ಸಾಲು ಹಿಡಿದು ವಿಡಿಯೊ ಮಾಡಬೇಡಿ, ತಪ್ಪಾಗುವ ಜಾಗ ಹಿಡಿದು ಮಾಡಿ. ಗಂಡನ ಮನೆ ಹೊಳಲ್ಕೆರೆ, ಹೆರಿಗೆಗೆ ತವರು ಚನ್ನಗಿರಿ ಅಂದುಕೊಳ್ಳಿ. ಇಲ್ಲಿ ಹೊಸದಾಗಿ ನೋಂದಾಯಿಸಿದರೆ ಒಬ್ಬಳೇ ತಾಯಿಗೆ ಎರಡು ದಾಖಲೆ; ಅಲ್ಲಿನ ಪಟ್ಟಿಯಲ್ಲಿ ಅವಳ ಹೆರಿಗೆ ಬಾಕಿಯಾಗಿಯೇ ಉಳಿಯುತ್ತದೆ. ಮೊದಲು ತಾಯಿ ಕಾರ್ಡ್ ಕೇಳಿ ಆರ್‌ಸಿಎಚ್ ಸಂಖ್ಯೆಯಿಂದ (ಗರ್ಭಿಣಿಯ ನೋಂದಣಿ ಸಂಖ್ಯೆ) ಹುಡುಕುವುದು, ಸಿಗದಿದ್ದರೆ ಮೊಬೈಲ್ ಸಂಖ್ಯೆಯಿಂದ, ಎರಡೂ ಆಗದಿದ್ದರೆ ಮಾತ್ರ ಹೊಸ ನೋಂದಣಿ. ಈ ಕ್ರಮ ವಿಡಿಯೊದಲ್ಲಿ ಕಣ್ಣಿಗೆ ಕಾಣಬೇಕು.

ಕೊನೆಯ ಮುಟ್ಟಿನ ದಿನಕ್ಕೂ ಒಂದು ವಿಡಿಯೊ ಬೇಕು. ‘ಯುಗಾದಿ ಆಗಿ ನಾಕು ದಿನಕ್ಕೆ’ ಎಂಬ ಉತ್ತರ ಬಂದಾಗ ಮೊದಲು ಗೋಡೆಯ ಕ್ಯಾಲೆಂಡರ್, ಆಮೇಲೆ ಟ್ಯಾಬ್. ಹೆರಿಗೆ ದಿನಾಂಕ ಬರುವುದು ಆ ಮುಟ್ಟಿನ ದಿನಕ್ಕೆ 280 ದಿನ ಕೂಡಿಸಿ. ತಿಂಗಳು ತಪ್ಪಿದರೆ ಮುಂದಿನ ತಪಾಸಣೆಯ ಲೆಕ್ಕವೆಲ್ಲ ತಪ್ಪು. 14 ಅಂಕಿಯ ಆಭಾ ಸಂಖ್ಯೆಯನ್ನು (ಆರೋಗ್ಯ ಖಾತೆಯ ಗುರುತಿನ ಸಂಖ್ಯೆ) ಆಧಾರ್‌ನಿಂದ ಮಾಡುವಾಗ ಒಟಿಪಿ ಹೋಗುವುದು ಆಧಾರ್‌ಗೆ ಜೋಡಿಸಿದ ಮೊಬೈಲ್‌ಗೆ. ಎಷ್ಟೋ ಸಲ ಆ ಮೊಬೈಲ್ ಬೆಂಗಳೂರಿನಲ್ಲಿರುವ ಮಗನ ಜೇಬಿನಲ್ಲಿರುತ್ತದೆ. ‘ಮೊದಲು ಮಗನಿಗೆ ಫೋನ್ ಮಾಡಿಸಿ, ಆಮೇಲೆ ಬಟನ್ ಒತ್ತಿ’ ಎಂಬುದೂ ಪಾಠದ ಭಾಗವೇ.

ರೆಕಾರ್ಡಿಂಗ್‌ಗೆ ಫೋನಿನ ಸ್ಕ್ರೀನ್ ರೆಕಾರ್ಡರ್ ಸಾಕು. ಬೆರಳು ಒತ್ತಿದ ಜಾಗ ಚುಕ್ಕೆಯಾಗಿ ಕಾಣುವ ಆಯ್ಕೆ ಎಷ್ಟೋ ಫೋನ್‌ಗಳಲ್ಲಿ ಅದರಲ್ಲೇ ಇರುತ್ತದೆ. ಇಲ್ಲದಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರ್ ಮೇಲೆ ಏಳು ಸಲ ಒತ್ತಿ ಡೆವಲಪರ್ ಆಪ್ಷನ್ಸ್ ತೆರೆದು, ಅಲ್ಲಿ ‘ಶೋ ಟ್ಯಾಪ್ಸ್’ ಆನ್ ಮಾಡಿ. ಕೆಲವು ಆ್ಯಪ್‌ಗಳು ರೆಕಾರ್ಡ್ ಮಾಡಿದರೆ ಕಪ್ಪು ಪರದೆ ಕೊಡುತ್ತವೆ. ಅವಕ್ಕೆ ಇನ್ನೊಂದು ಫೋನನ್ನು ಮೇಲಿನಿಂದ ಹಿಡಿದು, ಬಿಸಿಲು ಬೀಳದ ಕಡೆ ಚಿತ್ರೀಕರಿಸಬೇಕು. ನಿಜವಾದ ರೋಗಿಯ ಹೆಸರು, ಆಧಾರ್, ಫೋನ್ ಸಂಖ್ಯೆ ಒಂದು ಚೌಕಟ್ಟಿನಲ್ಲೂ ಬರಕೂಡದು. ವಿಡಿಯೊ ಗ್ರೂಪಿನಿಂದ ಗ್ರೂಪಿಗೆ ಎಲ್ಲಿಗೆ ಹೋಗುತ್ತದೋ ಹೇಳಲಾಗದು. ಫ್ಯಾನ್ ಆರಿಸಿ ಮಾತಾಡಿ. ಬಟನ್ ಮೇಲಿನ ಇಂಗ್ಲಿಷ್ ಪದವನ್ನು ಅನುವಾದಿಸಬೇಡಿ. ‘ಉಳಿಸು’ ಎಂದರೆ ಪರದೆಯಲ್ಲಿ ಆ ಪದ ಎಲ್ಲೂ ಇರುವುದಿಲ್ಲ. ‘ಕೆಳಗೆ ಬಲಗಡೆ, ನೀಲಿ, ಸೇವ್ ಅಂತ ಇದೆ’ ಎನ್ನಿ.

ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿ ವಿಡಿಯೊ ಆಗಿ ಕಳಿಸಿದರೆ ಅದು ಕುಗ್ಗಿ ಅಕ್ಷರ ಮಸುಕಾಗುತ್ತದೆ; ಡಾಕ್ಯುಮೆಂಟ್ ಆಗಿ ಕಳಿಸಿ. ಸೆಕೆಂಡಿಗೆ 1 ಮೆಗಾಬಿಟ್ ದರದಲ್ಲಿ ಎರಡು ನಿಮಿಷಕ್ಕೆ ಸುಮಾರು 15 ಎಂಬಿ. ಮೊಳಕಾಲ್ಮೂರಿನ ಒಳಹಳ್ಳಿಗಳಿಗೆ ಹೋಗುವವರಿಗೆ ತಿಂಗಳ ಸಭೆಯ ದಿನವೇ ಟ್ಯಾಬ್‌ಗೆ ಹಾಕಿಕೊಟ್ಟರೆ ನೆಟ್‌ವರ್ಕ್ ಹಂಗಿಲ್ಲ.

ಎಲ್ಲಕ್ಕಿಂತ ಮೊದಲು ಕೊಡಬೇಕಾದ ವಿಡಿಯೊ ಸಿಂಕ್‌ನದ್ದು, ಅಂದರೆ ಟ್ಯಾಬ್‌ನಲ್ಲಿ ತುಂಬಿದ್ದನ್ನು ಸರ್ವರ್‌ಗೆ ಕಳಿಸುವುದು. ನೆಟ್‌ವರ್ಕ್ ಇಲ್ಲದೆ ತುಂಬಿದ ದಾಖಲೆ ಟ್ಯಾಬ್‌ನಲ್ಲೇ ಕೂತಿರುತ್ತದೆ. ಆ್ಯಪ್ ನಿಂತುಹೋಯಿತೆಂದು ಯಾರೋ ಹೇಳಿದ ಮಾತು ಕೇಳಿ ಅದನ್ನು ತೆಗೆದು ಮತ್ತೆ ಹಾಕಿದರೆ ಅಷ್ಟೂ ಹೋಯಿತು, ರಿಜಿಸ್ಟರ್ ನೋಡಿ ಮತ್ತೆ ಬರೆಯಬೇಕು.

ತರಬೇತಿಯಲ್ಲಿ ಇಬ್ಬರಿಗೆ ಒಂದು ಟ್ಯಾಬ್: ಒಬ್ಬರು ವಿಡಿಯೊ ನಿಲ್ಲಿಸುತ್ತಾ ಓದುವುದು, ಇನ್ನೊಬ್ಬರು ಮಾಡುವುದು, ಆಮೇಲೆ ಅದಲುಬದಲು. ಆ್ಯಪ್ ಹೊಸ ಆವೃತ್ತಿಗೆ ಬಂದು ಬಟನ್ ಜಾಗ ಬದಲಾದರೆ ಆ ಒಂದು ವಿಡಿಯೊ ಮಾತ್ರ ಮತ್ತೆ ಮಾಡಿ, ಹೆಸರಿಗೆ ತಿಂಗಳು ಸೇರಿಸಿ, ಹಳೆಯದನ್ನು ಎಲ್ಲರ ಟ್ಯಾಬ್‌ನಿಂದಲೂ ಅಳಿಸಿಸಿ.